ಫ್ಲೋಚಾರ್ಟಿನಲ್ಲಿ ಸಿಕ್ಕಿಬಿದ್ದ ಡ್ರಾಯಿಂಗ್ ಮೇಷ್ಟ್ರು

ಮೇಷ್ಟ್ರು: ಎಷ್ಟು ಸಲ ಹೇಳೋದು ನಿಂಗೆ? ಅದು ಗಾಳಿಪಟ ಅಲ್ಲ.

ಹೆಂಡತಿ: ನಾಲ್ಕು ಮೂಲೆ, ಕೆಳಗೊಂದು ಬಾಲ. ಇನ್ನೇನಂತೆ ಅದು?

ಮೇಷ್ಟ್ರು: ಬಾಲ ಅಲ್ಲ, ಬಾಣ. ಆ ಪೆಟ್ಟಿಗೆ ಒಳಗೆ ಒಂದು ಪ್ರಶ್ನೆ ಇರುತ್ತೆ. ಉತ್ತರ ಹೌದು ಅಂದ್ರೆ ಕೆಳಗೆ ಹೋಗ್ಬೇಕು, ಇಲ್ಲ ಅಂದ್ರೆ ಪಕ್ಕಕ್ಕೆ.

ಹೆಂಡತಿ: ಪರವಾಗಿಲ್ವೇ. ನನ್ನ ಬಾಣ ಹೌದು ಅಂದ್ರೂ ಇಲ್ಲ ಅಂದ್ರೂ ಅಡುಗೆಮನೆಗೇ ಹೋಗುತ್ತೆ.

ಭಾನುವಾರದ ಮಧ್ಯಾಹ್ನ. ಊಟದ ಮೇಜಿನ ಮೇಲೆ ದೊಡ್ಡ ಡ್ರಾಯಿಂಗ್ ಹಾಳೆ, ಗಾಳಿಗೆ ಹಾರದ ಹಾಗೆ ಅದರ ಮೂಲೆಗಳ ಮೇಲೆ ಟೀ ಲೋಟಗಳು. ಮೇಷ್ಟ್ರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸುವವರು. ಕಂಪ್ಯೂಟರ್ ಟೀಚರು ಹೆರಿಗೆ ರಜೆಗೆ ಹೋದರು ಎಂದು ಮುಖ್ಯೋಪಾಧ್ಯಾಯಿನಿ ಇವರನ್ನು ಕರೆದು, 'ಫ್ಲೋಚಾರ್ಟ್ ಅಂದ್ರೆ ಚಿತ್ರ ತಾನೆ, ನೀವೇ ಮಾಡಿಬಿಡಿ' ಎಂದಿದ್ದರು. ನಾಳೆ ಬೆಳಿಗ್ಗೆ ಮೊದಲನೇ ಪಾಠ. ಮೊನ್ನೆಯವರೆಗೂ ಮೇಷ್ಟ್ರಿಗೆ ಅದರ ತಲೆಬುಡ ಗೊತ್ತಿರಲಿಲ್ಲ. ಮೂಳೆ ವಾರ್ಡಿನಲ್ಲಿ ನರ್ಸಾಗಿರುವ ಹೆಂಡತಿಗೆ ಇವತ್ತು ರಜೆ. ಅವಳನ್ನೇ ವಿದ್ಯಾರ್ಥಿನಿ ಮಾಡಿ ಕೂರಿಸಿಕೊಂಡು ತಾಲೀಮು ನಡೆಸಿದ್ದರು. ಬೇರೆ ಯಾರಾದರೂ ಸಿಗಬಹುದಿತ್ತು ಎಂದು ಈಗ ಅನ್ನಿಸತೊಡಗಿತ್ತು.

ಹೆಂಡತಿ: ಸಾರ್, ಆಲ್ಗಾರಿದಮ್ ಅಂದ್ರೇನು ಸಾರ್?

ಮೇಷ್ಟ್ರು: ಒಂದು ಕೆಲಸ ಮುಗಿಸೋಕೆ ಕ್ರಮವಾಗಿ ಬರೆದ ಹೆಜ್ಜೆಗಳು. ಅದನ್ನೇ ಚಿತ್ರದಲ್ಲಿ ತೋರಿಸಿದ್ರೆ ಫ್ಲೋಚಾರ್ಟ್. ಒಂದರಲ್ಲೂ ಅನುಮಾನಕ್ಕೆ ಜಾಗ ಇರಬಾರದು. ಯಾಕಂದ್ರೆ ಕಂಪ್ಯೂಟರಿಗೆ ಸ್ವಂತ ಬುದ್ಧಿ ಇಲ್ಲ, ಹೇಳಿದ್ದನ್ನ ಹೇಳಿದ ಹಾಗೆ ಮಾಡುತ್ತೆ.

ಹೆಂಡತಿ: ಮದುವೆಗೆ ಮುಂಚೆ ಅಂಥವರನ್ನೇ ಹುಡುಕಿದ್ದೆ. ಬುದ್ಧಿ ಇಲ್ಲ ಅನ್ನೋವರೆಗೆ ಸರಿಹೋಯ್ತು, ಹೇಳಿದ್ದನ್ನ ಮಾಡೋದ್ರಲ್ಲಿ ಮೋಸ ಹೋದೆ.

ಮೇಷ್ಟ್ರು ಅದನ್ನು ಕೇಳಿಸಿಕೊಳ್ಳದವರಂತೆ ಪೆನ್ಸಿಲು ಚೂಪು ಮಾಡಿದರು. ಫೋನ್ ಮಾಡುವುದನ್ನೇ ಉದಾಹರಣೆಯಾಗಿ ತೆಗೆದುಕೊಂಡರು. ಮೇಲೆ ಮೊಟ್ಟೆಯಾಕಾರದಲ್ಲಿ 'ಆರಂಭ'. ಅದರ ಕೆಳಗೆ ಆಯತದಲ್ಲಿ 'ನಂಬರ್ ಒತ್ತು'. ಆಮೇಲೆ ಗಾಳಿಪಟ, 'ಎತ್ತಿದರೇ?'

ಹೆಂಡತಿ: ಯಾರಿಗೆ ಫೋನು?

ಮೇಷ್ಟ್ರು: ಯಾರಿಗೋ ಒಬ್ಬರಿಗೆ.

ಹೆಂಡತಿ: ಅನುಮಾನಕ್ಕೆ ಜಾಗ ಇರಬಾರದು ಅಂದ್ರಿ. ನಿಮ್ಮ ತಂಗಿಗೆ ಅಂತ ಬರೀರಿ.

ಪೆನ್ಸಿಲು ನಿಂತಿತು. ತಂಗಿ ಕನ್ನಡಕದ ಅಂಗಡಿ ಇಟ್ಟಾಗ ಬಾಗಿಲ ಮೇಲಿನ ಬೋರ್ಡನ್ನು ಮೇಷ್ಟ್ರೇ ಬರೆದುಕೊಟ್ಟಿದ್ದರು. ಎರಡು ದೊಡ್ಡ ಕಣ್ಣು, ಅದರಲ್ಲೊಂದು ಕೊಂಚ ಮೆಳ್ಳೆ. ಕನ್ನಡಕ ಹಾಕಿಸಿಕೊಂಡರೆ ಹೀಗಾಗುತ್ತೇನೋ ಎಂದು ಹೆದರಿ ಗಿರಾಕಿಗಳು ಎದುರಿನ ಅಂಗಡಿಗೆ ಹೋಗತೊಡಗಿದರಂತೆ. ತಂಗಿ ಒಂದು ಮಾತೂ ಕೇಳದೆ ಬೋರ್ಡು ಇಳಿಸಿ ಪ್ಲಾಸ್ಟಿಕ್ಕಿನದು ಹಾಕಿಸಿದಳು. ಮೇಷ್ಟ್ರು ಅಂದಿನಿಂದ ಮಾತು ಬಿಟ್ಟರು. ಸಿಟ್ಟಿನಲ್ಲಿ ಅವಳ ನಂಬರನ್ನೂ ಫೋನಿನಿಂದ ಅಳಿಸಿಹಾಕಿದ್ದರು.

ಮೇಷ್ಟ್ರು: ಅವಳು ಮೊದಲು ಮಾಡ್ಲಿ. ಆಮೇಲೆ ನೋಡೋಣ.

ಹೆಂಡತಿ: ಬಾಯಲ್ಲಿ ಹೇಳಿದ್ರೆ ಕಂಪ್ಯೂಟರಿಗೆ ತಿಳಿಯಲ್ಲ. ಬರೀರಿ.

ಮೇಷ್ಟ್ರು ಹಟಕ್ಕೆ ಬಿದ್ದು ಬರೆದರು. 'ತಂಗಿ ಫೋನ್ ಮಾಡಿದಳೇ?' ಹೌದು ಎಂದರೆ 'ಮಾತಾಡು', ಅಲ್ಲಿಂದ 'ಮುಕ್ತಾಯ'. ಇಲ್ಲ ಎಂದರೆ 'ಕಾಯಿ', ಮತ್ತೆ ಬಾಣ ಮೇಲಕ್ಕೆ.

ಹೆಂಡತಿ: ಚೆನ್ನಾಗಿದೆ. ಈಗ ಪಕ್ಕದಲ್ಲಿ ಅವಳದ್ದು ಬರೀರಿ. ಅವಳೂ ನಿಮ್ಮ ಮನೇಲೇ ಹುಟ್ಟಿದವಳು ಅನ್ನೋದು ನೆನಪಿರ್ಲಿ.

ಪಕ್ಕದಲ್ಲಿ ಅದೇ ಚಿತ್ರ ಬಂತು, 'ತಂಗಿ' ಇದ್ದಲ್ಲಿ 'ಅಣ್ಣ'. ಮೇಷ್ಟ್ರು ಬೆರಳಿಟ್ಟು ಬಾಣದ ಹಿಂದೆ ಹೋದರು. ಇಲ್ಲ, ಕಾಯಿ, ಮೇಲಕ್ಕೆ. ಈ ಕಡೆಯದೂ ಅಷ್ಟೇ, ಆ ಕಡೆಯದೂ ಅಷ್ಟೇ. ಕೆಳಗಿದ್ದ ಎರಡು 'ಮುಕ್ತಾಯ'ಗಳಿಗೂ ಬೆರಳು ತಲುಪಲೇ ಇಲ್ಲ.

ಹೆಂಡತಿ: ಇದು ಯಾವಾಗ ಮುಗಿಯುತ್ತೆ ಸಾರ್?

ಮೇಷ್ಟ್ರು: ಮುಗಿಯಲ್ಲ.

ಹೆಂಡತಿ: ಮುಗೀದೇ ಇರೋದನ್ನ ಆಲ್ಗಾರಿದಮ್ ಅಂತಾರಾ?

ಮೇಷ್ಟ್ರು: ಅನ್ನಲ್ಲ. ಆದ್ರೆ ಇಲ್ಲಿ ತಪ್ಪು ಅವಳದ್ದು. ಅದಕ್ಕೊಂದು ಪೆಟ್ಟಿಗೆ ಹಾಕೋದು ಮರೆತೆ, ತಾಳು.

'ತಪ್ಪು ತಂಗಿಯದೇ?' ಎಂದು ಬರೆದು, 'ಹೌದು' ಎಂಬ ಬಾಣ ಎಳೆದು ಪೆನ್ಸಿಲು ಕೆಳಗಿಟ್ಟರು.

ಹೆಂಡತಿ: 'ಇಲ್ಲ' ಅನ್ನೋ ಬಾಣ ಎಲ್ಲಿ?

ಮೇಷ್ಟ್ರು: ಅದರ ಅಗತ್ಯ ಇಲ್ಲ.

ಹೆಂಡತಿ: ಒಂದೇ ಉತ್ತರ ಇರೋದಾದ್ರೆ ಪ್ರಶ್ನೆ ಯಾಕೆ ಕೇಳ್ತೀರಿ? ನಾಳೆ ಕ್ಲಾಸಲ್ಲಿ ಮಕ್ಕಳು ಇದನ್ನ ಕೇಳ್ದೆ ಬಿಡ್ತಾರಾ?

ಮೇಷ್ಟ್ರು: ಕಣ್ಣು ಮೆಳ್ಳೆ ಆಗಿರ್ಲಿಲ್ಲ ಕಣೆ. ಅದು ಪಕ್ಕಕ್ಕೆ ನೋಡೋ ನೋಟ.

ಹೆಂಡತಿ: ಒಂದೇ ಕಣ್ಣು ಪಕ್ಕಕ್ಕೆ ನೋಡಿದ್ರೆ ನಮ್ಮ ಆಸ್ಪತ್ರೇಲಿ ಬೇರೆ ವಾರ್ಡಿದೆ.

ಮೇಷ್ಟ್ರ ಮುಖ ಗಂಟಾಯಿತು. ಹೆಂಡತಿ ಲೋಟಗಳನ್ನು ಎತ್ತಿಕೊಂಡು ಪಕ್ಕದ ಸಿಂಕಿನಲ್ಲಿ ತೊಳೆದಿಟ್ಟಳು. ಹಿಡಿತ ತಪ್ಪಿದ ಹಾಳೆ ಮೆಲ್ಲನೆ ಸುರುಳಿ ಸುತ್ತಿತು.

ಹೆಂಡತಿ: ನಿಮ್ಮಿಷ್ಟ. ಕಾಯ್ತಾ ಇರಿ. ಅವಳು ಮುಂದಿನ ವಾರ ಅಂಗಡಿ ಎತ್ತಿ ಬೇರೆ ಊರಿಗೆ ಹೋಗ್ತಿದಾಳಂತೆ.

ಮೇಷ್ಟ್ರು: ಯಾರು ಹೇಳಿದ್ದು?

ಹೆಂಡತಿ: ಆಸ್ಪತ್ರೆಗೆ ನೂರಾರು ಜನ ಬರ್ತಾರೆ. ಯಾರೋ ಹೇಳಿದ್ರು.

ಮೇಷ್ಟ್ರು ಎದ್ದು ಕಿಟಕಿಯ ಹತ್ತಿರ ಹೋದರು, ಮತ್ತೆ ಬಂದು ಕೂತರು. ಚಿಕ್ಕವಳಿದ್ದಾಗ ತಂಗಿ ಇವರು ಬಿಡಿಸಿದ ವಕ್ರ ನಾಯಿ, ಕುಂಟು ಕುದುರೆಗಳನ್ನೆಲ್ಲ ತನ್ನ ಮಂಚದ ಮೇಲಿನ ಗೋಡೆಗೆ ಅಂಟಿಸಿಕೊಳ್ಳುತ್ತಿದ್ದಳು. ಒಂದಕ್ಕೂ ಹೆಸರಿಟ್ಟವಳಲ್ಲ. ಸುರುಳಿ ಸುತ್ತಿದ್ದ ಹಾಳೆಯನ್ನು ಮತ್ತೆ ಬಿಡಿಸಿದರು.

ಮೇಷ್ಟ್ರು: ಎರಡರಲ್ಲಿ ಒಂದು 'ಕಾಯಿ' ಅಳಿಸಿ 'ಫೋನ್ ಮಾಡು' ಅಂತ ಬರೆದ್ರೆ ಸಾಕು, ಎರಡೂ ಮುಗಿಯುತ್ತೆ. ಅಲ್ವಾ?

ಹೆಂಡತಿ: ಮೇಷ್ಟ್ರು ನೀವು. ನನ್ನನ್ನ ಕೇಳಿದ್ರೆ?

ಮೇಷ್ಟ್ರು: ನಿನ್ನ ಫೋನ್ ಕೊಡು. ನನ್ನ ಹತ್ರ ನಂಬರಿಲ್ಲ.

ಹೆಂಡತಿಗೆ ಯಾಕೋ ಈಗ ಅವಸರವಿರಲಿಲ್ಲ.

ಹೆಂಡತಿ: ನಾನೇ ಮಾಡಿಕೊಡ್ತೀನಿ, ಇರಿ.

ಮೇಷ್ಟ್ರು: ಬೇಡ. ನಾನೇ ಮಾಡ್ಬೇಕು.

ಕೈಯಿಂದ ಕಿತ್ತುಕೊಂಡು ಒತ್ತಿಯೇಬಿಟ್ಟರು. ಒಂದು ಸಲ ರಿಂಗಾಗುವುದೇ ತಡ, ಆ ಕಡೆಯಿಂದ ತಂಗಿಯ ದನಿ.

ತಂಗಿ: ಏನತ್ತಿಗೆ, ಇವತ್ತು ಇಷ್ಟು ತಡ? ಆ ಕೋಣ ದಾರಿಗೆ ಬಂತಾ?

ಮೇಷ್ಟ್ರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. ಅವಳು ತೊಳೆದಿಟ್ಟಿದ್ದ ಲೋಟಗಳನ್ನು ಇನ್ನೊಮ್ಮೆ ತೊಳೆಯುತ್ತಿದ್ದಳು.

ಮೇಷ್ಟ್ರು: ಬಂತು. ಕೋಣನೇ ಮಾತಾಡ್ತಿರೋದು, ಹೇಳಮ್ಮ.