ವೈರೂ ಇಲ್ಲ, ವೈರಿಯೂ ಇಲ್ಲ!

“ನೋಡ್ತಿರು ನೀಲಾ! ಇನ್ಮೇಲೆ ನಮ್ಮ ಮಂಟಪಕ್ಕೆ ವೈರೂ ಇಲ್ಲ, ವೈರಿಯೂ ಇಲ್ಲ!”

ಹೀಗೆಂದು ಘೋಷಿಸಿದ ಬೆನಕಪ್ಪನವರು ತಮ್ಮ ಮಾತಿಗೆ ತಾವೇ ಹೊಟ್ಟೆ ಕುಲುಕಿಸಿ ನಕ್ಕರು. ಹೆಂಡತಿ ನೀಲಾಂಬಿಕಮ್ಮ ನಗಲಿಲ್ಲ. ಸೊಪ್ಪು ಸೋಸುತ್ತಿದ್ದ ಕೈ ನಿಲ್ಲಿಸಿ, “ರೀ, ಒಂದು ಮಾತು ಹೇಳೋದಿತ್ತು” ಅಂದರು.

“ಆಮೇಲೆ ಹೇಳುವಿಯಂತೆ. ಶಿವಮೊಗ್ಗದವರು ಬರೋ ಹೊತ್ತಾತು!” ಎಂದು ಬೆನಕಪ್ಪನವರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

ಶಿಕಾರಿಪುರದ ಬೆನಕಶ್ರೀ ಕಲ್ಯಾಣ ಮಂಟಪಕ್ಕೆ ಅವರೇ ಮಾಲೀಕರು, ಅವರೇ ಮ್ಯಾನೇಜರು, ಮದುವೆಯ ದಿನ ಅವರೇ ಸ್ವಾಗತ ಭಾಷಣಕಾರರು. ಹೆಸರೂ ಅವರದ್ದೇ ಎಂಬುದನ್ನು ಬೇರೆ ಹೇಳಬೇಕಿಲ್ಲ. ಮಂಟಪದ ಹಿಂದೆಯೇ ಮನೆ, ನಡುವೆ ಒಂದು ಹಿತ್ತಿಲು. ವ್ಯಾಪಾರ ಚೆನ್ನಾಗಿಯೇ ನಡೆಯುತ್ತಿತ್ತು. ಆದರೆ 1996ರ ಆ ಬೇಸಿಗೆಯ ಹೊತ್ತಿಗೆ ಬಸ್ ಸ್ಟ್ಯಾಂಡಿನ ಬಳಿ ಹೊಸದೊಂದು ಮಂಟಪ ಎದ್ದು ನಿಂತಿತ್ತು. ಅಲ್ಲಿ ಮೊಸಾಯಿಕ್ ನೆಲವಂತೆ, ಕೈ ತೊಳೆಯುವಲ್ಲಿ ಆಳೆತ್ತರದ ಕನ್ನಡಿಯಂತೆ! ಬೆನಕಪ್ಪನವರಿಗೆ ಅನ್ನ ಸೇರದಾಯಿತು.

ತಮ್ಮ ಮಂಟಪದ ಕೊರತೆಗಳೂ ಅವರಿಗೆ ಗೊತ್ತಿದ್ದವು. ಮೈಕಿನ ವೈರು ನೆಲದ ತುಂಬ ಹಾವಿನ ಹಾಗೆ ಬಿದ್ದಿರುತ್ತಿತ್ತು. ಹೋದ ಸೀಸನ್ನಿನಲ್ಲಿ ವಧುವಿನ ಸೋದರಮಾವ ಅದನ್ನು ಎಡವಿ, ಅಕ್ಷತೆಯ ತಟ್ಟೆಯ ಸಮೇತ ಓಲಗದವರ ಡೋಲಿನ ಮೇಲೆಯೇ ಪವಡಿಸಿದ್ದ! ಫೋನು ಆಫೀಸಿನ ಮೇಜಿನ ಮೇಲೆ. ಊರಿಗೆ ಫೋನು ಮಾಡಬೇಕೆಂದರೆ ನೆಂಟರೆಲ್ಲ ಸೀಮೆಎಣ್ಣೆಗೆ ನಿಂತಂತೆ ಸಾಲು ನಿಲ್ಲಬೇಕು. ಒಬ್ಬ ಮಾತಾಡಿದ್ದನ್ನು ಉಳಿದವರೆಲ್ಲ ಕೇಳಬೇಕು.

ಶಿವಮೊಗ್ಗದಿಂದ ಬಂದ ಈಶ್ವರ್ ಎಂಬ ತರುಣ ಎರಡಕ್ಕೂ ಮದ್ದು ತಂದಿದ್ದ. ವೈರಿಲ್ಲದ ಮೈಕು, ವೈರಿಲ್ಲದ ಕಾರ್ಡ್‌ಲೆಸ್ ಫೋನು! ಅವನ ಕಂಪನಿ ಮಂಟಪ, ಲಾಡ್ಜುಗಳಿಗೆ ಇವನ್ನು ಕೂರಿಸಿ, ವರ್ಷಪೂರ್ತಿ ತಾನೇ ನೋಡಿಕೊಳ್ಳುತ್ತಿತ್ತು.

“ಗಾಳೀಲಿ ಹೋಗೋ ಮಾತು ಸಾರ್ ಇದು,” ಅಂದ ಈಶ್ವರ್. “ಫೋನಿನ ದಾರಿಗೆ ಮೈಕು ಅಡ್ಡ ಬರಬಾರದು, ಮೈಕಿನ ದಾರಿಗೆ ಫೋನು ಬರಬಾರದು. ಪ್ರತಿ ಮದುವೆಗೂ ಮುಂಚೆ ನಮ್ಮೋರು ಬಂದು ಸರಿ ಮಾಡಿ ಹೋಗ್ತಾರೆ. ಭದ್ರಾವತೀಲಿ ಒಂದು ಮಂಟಪ ಹಂಗೇ ನಡೀತಿದೆ ಸಾರ್. ಬುಕಿಂಗ್ ಜಾಸ್ತಿ ಆಗಿದೆ, ಓನರಿಗೆ ತಲೆನೋವು ಕಮ್ಮಿ ಆಗಿದೆ. ನೀವು ಆರಾಮಾಗಿ ಮನೇಲಿರಬಹುದು.”

“ಮನೇಲಿದ್ದು ನಾನೇನು ಮಾಡ್ಲಪ್ಪ?” ಬೆನಕಪ್ಪನವರು ಮೀಸೆ ತೀಡಿದರು. “ಸೆಟ್ಟು ಕೊಡು ಸಾಕು. ನೋಡಿಕೊಳ್ಳೋದು ನನಗೆ ಬಿಡು. ರೈಸ್ ಮಿಲ್ಲಿನ ಮೋಟರು ಬಿಚ್ಚಿ ಜೋಡಿಸಿದ ಕೈ ಇದು!”

ಆ ಕೈ ಅಂದಿನಿಂದ ಸುಮ್ಮನಿರಲಿಲ್ಲ. ಹೊತ್ತು ಹುಟ್ಟಿದರೆ “ಹಲೋ, ಮೈಕ್ ಟೆಸ್ಟಿಂಗ್!” ಹೊತ್ತು ಮುಳುಗಿದರೂ ಅದೇ. ಊಟಕ್ಕೆ ಕೂತಾಗಲೂ ಮೈಕು ಎಲೆಯ ಪಕ್ಕದಲ್ಲೇ. ನೀಲಾಂಬಿಕಮ್ಮ ಸಾರು ಬಡಿಸುತ್ತ, “ರೀ, ಆ ಮಾತು...” ಅಂದರೆ, “ಮೈಕಲ್ಲಿ ಹೇಳು, ಹೆಂಗೆ ಕೇಳಿಸುತ್ತೆ ನೋಡೋಣ!” ಎಂದು ಅವರ ಬಾಯಿಗೇ ಮೈಕು ಹಿಡಿದರು. ನೀಲಾಂಬಿಕಮ್ಮ ಸೌಟು ತೆಗೆದುಕೊಂಡು ಒಳಗೆ ಹೋದರು.

ಹೊಸ ವ್ಯವಸ್ಥೆಯ ಮೊದಲ ಮದುವೆ ಸೊರಬದ ಜಟ್ಟಪ್ಪನವರ ಮಗಳು ಶಾಲಿನಿಯದು. ಗಂಡು ತಾಳಗುಂದದ ಕಡೆಯ ಸುರೇಶ. ಮಾಂಗಲ್ಯ ಕಟ್ಟಿದ್ದಾಯಿತು. ಊಟಕ್ಕೆ ಏಳುವ ಮುನ್ನ ಬೆನಕಪ್ಪನವರು ವೇದಿಕೆಯೇರಿದರು. ಕೈಯಲ್ಲಿ ಬಾಲವಿಲ್ಲದ ಮೈಕು! ವಧುವಿನಿಂದ ವರನತ್ತ ನಡೆದರು, ವರನಿಂದ ಹೂವಿನ ಕಂಬದತ್ತ ನಡೆದರು, ಎಲ್ಲೂ ಎಡವಲಿಲ್ಲ. “ಮಹನೀಯರೇ, ಮಹಿಳೆಯರೇ! ಇಡೀ ತಾಲ್ಲೂಕಿನಲ್ಲಿ ಇಂಥ ಸೌಲಭ್ಯ...” ಎಂದು ಒಂದಿಷ್ಟು ಹೊತ್ತು ಗುಡುಗಿ, ಚಪ್ಪಾಳೆ ಗಿಟ್ಟಿಸಿ, ಮೈಕಿನ ಗುಂಡಿ ಒತ್ತಿ ಆರಿಸಿದರು.

ಸ್ಪೀಕರಿನಲ್ಲಿ ಕರಕರ ಸದ್ದಾಯಿತು. ಆಮೇಲೆ ಸ್ಪಷ್ಟವಾದ ಹೆಣ್ಣು ದನಿ.

“ಹಲೋ, ಅಕ್ಕಾ? ನಾನು, ನೀಲಾ.”

ಹಿತ್ತಿಲಿನಲ್ಲಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು ನೀಲಾಂಬಿಕಮ್ಮ ಸೊರಬದಲ್ಲಿದ್ದ ತಮ್ಮ ಅಕ್ಕ ರಾಜೇಶ್ವರಮ್ಮನಿಗೆ ಫೋನು ಮಾಡಿದ್ದರು. ಮೇಜಿನ ಫೋನಿನಲ್ಲಿ ಹತ್ತು ಜನರ ಮುಂದೆ ಆಡಲಾಗದ ಮಾತು. ಈಗ ಕೈಯಲ್ಲಿ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದಾದ ಫೋನು ಬಂದಿತ್ತಲ್ಲ! ಯಾರ ಕಿವಿಗೂ ಬೀಳದಿರಲೆಂದೇ ಅದನ್ನೆತ್ತಿಕೊಂಡು ಹಿತ್ತಿಲು ಸೇರಿದ್ದರು. ಮಂಟಪದ ಗದ್ದಲ ಕೇಳದಿರಲೆಂದು ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡಿದ್ದರು.

“ಮದುವೆ ಅಕ್ಕಾ, ಕೈ ಬಿಡುವಿಲ್ಲ. ಗಂಡಿನ ಕಡೆಯೋರು ಏನು ಜನ ಅಂತೀಯಾ! ಕಾಫಿ ತಣ್ಣಗಾಯ್ತು ಅಂತ ಬೆಳಗಿಂದ ವಾಪಸ್ ಕಳಿಸ್ತಾನೇ ಇದಾರೆ. ಆ ಗಂಡಿನ ತಾಯಿ ಇದಾಳಲ್ಲ, ಸೀರೆ ಸರಸರ ಅನ್ನಿಸ್ಕೊಂಡು ಅಡುಗೆಮನೆಗೇ ಬಂದು ಪಾಯಸದ ಗೋಡಂಬಿ ಎಣಿಸಿದ್ಲು!”

ಹೆಣ್ಣಿನ ಕಡೆಯವರು ಗೊಳ್ಳೆಂದರು. ಮುಂದಿನ ಸಾಲಿನಲ್ಲಿ ಕೂತಿದ್ದ ಗಂಡಿನ ತಾಯಿ ವರದಮ್ಮ ಕೆಂಡವಾದರು. ಬೆನಕಪ್ಪನವರು ಎದ್ದೆನೋ ಬಿದ್ದೆನೋ ಎಂದು ಯಂತ್ರಗಳಿದ್ದ ಮೂಲೆಗೆ ಧಾವಿಸಿ, ಕೈಗೆ ಸಿಕ್ಕಿದ ಗುಂಡಿಯನ್ನು ತಿರುಗಿಸಿದರು. ದನಿ ಇಮ್ಮಡಿಯಾಯಿತು! ಇನ್ನೊಂದನ್ನು ತಿರುಗಿಸಿದರು. ಬಾಗಿಲ ಮೇಲೆ ರಸ್ತೆಯತ್ತ ಮುಖ ಮಾಡಿದ್ದ ಹಾರ್ನೂ ಕೂಗತೊಡಗಿತು. ಹೋಗುವ ಬಸ್ಸೊಂದು ನಿಧಾನ ಮಾಡಿತು.

“ಇವರಾ? ಇದಾರೆ. ಹೊಸ ಮೈಕು ಬಂದ ಮೇಲೆ ಮನೇಲೂ ಭಾಷಣವೇ. ನಿದ್ದೇಲೂ ‘ಮಹನೀಯರೇ’ ಅಂತಾರೆ ಕಣಕ್ಕಾ!”

ಈಗ ಗಂಡಿನ ಕಡೆಯವರೂ ನಕ್ಕರು. ವರದಮ್ಮ ಮಾತ್ರ ಎದ್ದು ನಿಂತರು. “ನಗ್ತೀರಾ? ಕರೆಸಿ ಮರ್ಯಾದೆ ಕಳೀತಾರೆ, ನಗ್ತೀರಾ? ಏಳ್ರಿ ಎಲ್ಲಾರೂ! ಈ ಮಂಟಪದಾಗೆ ನಾವು ಎಲೆ ಮುಟ್ಟಲ್ಲ!”

ಗಂಡಿನ ಕಡೆಯ ಕುರ್ಚಿಗಳು ಗರಗರ ಸರಿದವು. ಶಾಲಿನಿಯ ಕಣ್ಣು ತುಂಬಿತು. ಸೊರಬದ ಜಟ್ಟಪ್ಪನವರು ಓಡಿಬಂದು ಗೋಡೆಯ ಪ್ಲಗ್ಗಿಗೆ ಕೈ ಹಾಕಿದರು. “ಎಂತ ಮಾರಾಯ್ರೆ ಇದು! ನನ್ನ ಮಗಳ ಬಾಳು ಉಳಿಸಿ! ಕಿತ್ತು ಹಾಕ್ಲನಾ?”

“ಕೀಳ್ರಿ, ಕೀಳ್ರಿ!” ಅಂದರು ಬೆನಕಪ್ಪನವರು.

ಅಷ್ಟರಲ್ಲಿ ಸ್ಪೀಕರು, “ಅದಿರ್ಲಿ ಅಕ್ಕಾ, ನನ್ನ ರಿಪೋರ್ಟ್ ನೋಡಿ ಡಾಕ್ಟ್ರು ಏನಂದ್ರು?” ಅಂದಿತು.

ಬೆನಕಪ್ಪನವರ ಕೈ ತಾನಾಗಿಯೇ ಜಟ್ಟಪ್ಪನವರ ಕೈ ಹಿಡಿಯಿತು. “ತಡೀರಿ.”

ರಾಜೇಶ್ವರಮ್ಮನ ಮಾತು ಸ್ಪೀಕರಿನಲ್ಲಿ ಬರುತ್ತಿರಲಿಲ್ಲ. ಸುಮ್ಮನೆ ಒಂದು ಗುಂಯ್‌ಗುಡುವ ಸದ್ದು. ಆಮೇಲೆ ನೀಲಾಂಬಿಕಮ್ಮನ ದನಿ ಸಣ್ಣದಾಗಿ ಬಂತು.

“ಎದೇಲಿರೋ ಗಂಟು... ಅದೇನಾ? ಕ್ಯಾನ್ಸರ್ರೇನಾ?”

ಸರಿಯುತ್ತಿದ್ದ ಕುರ್ಚಿಗಳು ನಿಂತವು.

“ಹೂಂ... ಹೂಂ... ಅಳಬೇಡ ಅಕ್ಕಾ, ನಾನು ಅಳ್ತಿಲ್ವಲ್ಲ. ಇವರಿಗಾ? ಇನ್ನೂ ಇಲ್ಲ. ಹೇಳೋಕೆ ಹೋಗ್ತೀನಿ, ಆಗಲ್ಲ. ಬೈಬೇಡ ಅವರನ್ನ. ಕೆಟ್ಟೋರಲ್ಲ. ಬಾಯಿ ದೊಡ್ಡದು, ಕಿವಿ ಸಣ್ಣದು, ಅಷ್ಟೇ.”

ಜಟ್ಟಪ್ಪನವರು ಮೆಲ್ಲಗೆ, “ತೆಗೀಲಾ ಬೆನಕಪ್ಪನೋರೇ? ಎಲ್ಲ ಕೇಳ್ತಿದಾರೆ” ಅಂದರು. ತೆಗೆದರೆ ಹೆಂಡತಿಯ ಮಾನ ಉಳಿಯುತ್ತದೆ. ಬಿಟ್ಟರೆ ಹೆಂಡತಿಯ ಮಾತು ಕೇಳುತ್ತದೆ. ಬೆನಕಪ್ಪನವರು ಮುಖ ಮುಚ್ಚಿಕೊಂಡು, “ಇರ್ಲಿ,” ಅಂದರು. “ಅವಳು ಮುಗಿಸ್ಲಿ.”

“ನನಗೇನು ಸಾಯೋ ಭಯ ಇಲ್ಲ ಅಕ್ಕಾ,” ಎಂದಿತು ಸ್ಪೀಕರು. “ಸುಳ್ಳು ಹೇಳ್ದೆ. ಇದೆ. ಇಡ್ತೀನಿ, ಬಡಿಸೋ ಹೊತ್ತಾಯ್ತು.”

ಕರಕರ ಸದ್ದು ನಿಂತಿತು. ಮೊದಲು ಬಾಯಿ ಬಿಟ್ಟವರು ವರದಮ್ಮನೇ. ಸೆರಗಿನಿಂದ ಮೂಗೊರೆಸಿಕೊಂಡು, ತಮ್ಮ ಕಡೆಯವರತ್ತ ತಿರುಗಿ ಗದರಿದರು. “ಏನು ನಿಂತ್ಕಂಡಿದೀರಿ? ಊಟಕ್ಕೆ ಏಳ್ರಿ! ಆ ತಾಯಿ ಮುಂದೆ ಯಾರಾದ್ರೂ ಕೇಳಿಸ್ತು ಅಂತ ಬಾಯಿ ಬಿಟ್ರೆ ನೋಡ್ರಿ ಮತ್ತೆ. ಪಾಯಸ ಎರಡೆರಡು ಸಲ ಹಾಕಿಸ್ಕಳ್ರಿ!”

ಬೆನಕಪ್ಪನವರು ಹಿತ್ತಿಲಿಗೆ ಹೋದರು. ನೀಲಾಂಬಿಕಮ್ಮ ಫೋನನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡು ಎದ್ದರು. “ಮುಟ್ಟಬೇಡ ಅಂದಿದ್ರಿ. ಒಂದೇ ಸಲ ಮುಟ್ಟಿದೆ, ಬೈಬೇಡಿ.”

“ಬೈಯಲ್ಲ. ಕೂತ್ಕೋ. ಏನೋ ಹೇಳಬೇಕು ಅಂತಿದ್ದೆಯಲ್ಲ, ಹೇಳು.”

“ಈಗಲಾ? ಪಂಕ್ತಿ ಕೂತಿರುತ್ತೆ. ಮದುವೆ ಮುಗೀಲಿ.”

“ಈಗಲೇ ಹೇಳು ನೀಲಾ.” ಬೆನಕಪ್ಪನವರು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪಕ್ಕದಲ್ಲೇ ಕೂತರು. ಅಷ್ಟು ಹತ್ತಿರ ಅವರು ಕೂತು ಎಷ್ಟೋ ಕಾಲವಾಗಿತ್ತು.

ನೀಲಾಂಬಿಕಮ್ಮ ಸೆರಗಿನ ತುದಿ ಬೆರಳಿಗೆ ಸುತ್ತುತ್ತ ಶುರುಮಾಡಿದರು. “ಹೋದ ಸಂಕ್ರಾಂತಿ ಹೊತ್ತಿಗೆ, ಸ್ನಾನ ಮಾಡುವಾಗ...”

ಬೆನಕಪ್ಪನವರು ಗೊಳೋ ಎಂದು ಅತ್ತುಬಿಟ್ಟರು!

“ಅಯ್ಯೋ ಶಿವನೇ! ನಾನಿನ್ನೂ ಹೇಳೇ ಇಲ್ಲ, ಆಗಲೇ ಯಾಕೆ ಅಳ್ತೀರಿ?”

ಇನ್ನು ಮುಚ್ಚಿಡುವುದು ಅವರ ಕೈಲಾಗಲಿಲ್ಲ. ಫೋನಿನತ್ತ ಕೈ ತೋರಿಸಿದರು, ಮಂಟಪದತ್ತ ತೋರಿಸಿದರು, ಹಾರ್ನಿನತ್ತ ತೋರಿಸಿದರು. ನೀಲಾಂಬಿಕಮ್ಮನಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು.

“ಎಲ್ಲಿವರೆಗೆ ಕೇಳಿಸ್ತು?”

“ಪೂರ್ತಿ. ರಸ್ತೇಲಿ ಬಸ್ಸೂ ನಿಂತಿತ್ತು.”

“ಹಂಗಾದ್ರೆ... ಗೋಡಂಬಿ ವಿಷಯಾನೂ?”

“ಅದೇ ಮೊದಲು!”

ನೀಲಾಂಬಿಕಮ್ಮ ಸೆರಗನ್ನು ಬಾಯಿಗೊತ್ತಿಕೊಂಡರು. ಭುಜ ಅಲುಗಿತು. ನಗುತ್ತಿದ್ದಾರೋ ಅಳುತ್ತಿದ್ದಾರೋ ಬೆನಕಪ್ಪನವರಿಗೆ ತಿಳಿಯಲಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ, ಏನನ್ನೂ ಹೇಳದೆ ಕಾದು ಕೂತರು.

ಮಾರನೆಯ ದಿನವೇ ಈಶ್ವರನಿಗೆ ಬುಲಾವ್ ಹೋಯಿತು. “ಎಲ್ಲಾ ನೀವೇ ನೋಡ್ಕೊಳ್ಳಪ್ಪಾ. ನಾನಿನ್ನು ಮುಟ್ಟಲ್ಲ,” ಅಂದರು ಬೆನಕಪ್ಪನವರು. ಈಶ್ವರನ ಜನ ಬಂದರು. ಮೈಕಿಗೆ ಒಂದು ದಾರಿ, ಫೋನಿಗೆ ಇನ್ನೊಂದು ದಾರಿ ಮಾಡಿಕೊಟ್ಟರು. ಪ್ರತಿ ಲಗ್ನಕ್ಕೂ ಮುಂಚೆ ಬಂದು ಪರೀಕ್ಷೆ ಮಾಡಿದರು, ಮುಗಿದ ಮೇಲೆ ಒರೆಸಿ ಎತ್ತಿಟ್ಟರು. ನೆಂಟರು ಕೂತಲ್ಲಿಂದಲೇ ಊರಿಗೆ ಫೋನು ಮಾಡಿದರು. ಸೊರಬದ ಕಡೆಯಿಂದ ಒಂದರ ಹಿಂದೊಂದು ಮದುವೆಗಳು ಬಂದವು. ಬಸ್ ಸ್ಟ್ಯಾಂಡಿನ ಮಂಟಪದವನು ಆಳೆತ್ತರದ ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಳ್ಳುವಂತಾಯಿತು.

ಆ ವೈಭವವನ್ನು ನೋಡಲು ಮಾಲೀಕರೇ ಇರಲಿಲ್ಲ. ಬೆನಕಪ್ಪನವರು ದಾವಣಗೆರೆಯಲ್ಲಿ, ಮಗಳು ಬಿಂದುಶ್ರೀಯ ಮನೆಯಲ್ಲಿದ್ದುಕೊಂಡು ಹೆಂಡತಿಯನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಆಪರೇಷನ್ ಆಯಿತು. ನೀಲಾಂಬಿಕಮ್ಮನ ಜಡೆ ಉದುರಿ ಹೋಯಿತು. ಡಾಕ್ಟರು, “ಸ್ವಲ್ಪ ಮುಂಚೆ ಬರಬೇಕಿತ್ತು,” ಅಂದರು. “ಯಾಕೆ ತಡ ಮಾಡಿದ್ರಿ?” ಎಂದು ಗಂಡನನ್ನೇ ಕೇಳಿದರು. ಯಾವ ಸಭೆಯಲ್ಲೂ ಮಾತಿಗೆ ತಡವರಿಸದ ಬೆನಕಪ್ಪನವರು ನೆಲ ನೋಡಿದರು. ನೀಲಾಂಬಿಕಮ್ಮನೇ, “ಮದುವೆ ಸೀಸನ್ನು ಡಾಕ್ಟ್ರೇ, ಬಿಡುವಿರಲಿಲ್ಲ” ಎಂದು ಗಂಡನನ್ನು ಉಳಿಸಿದರು.

ಮರುವರ್ಷ ಮಳೆಗಾಲ ಮುಗಿಯುವಷ್ಟರಲ್ಲಿ ನೀಲಾಂಬಿಕಮ್ಮ ಹೋದರು. ವರದಮ್ಮ ಸೊಸೆಯನ್ನು ಕರೆದುಕೊಂಡು ಮಣ್ಣಿಗೆ ಬಂದು, ಸ್ವಂತ ತಂಗಿಗೆ ಅತ್ತಂತೆ ಅತ್ತರು.

ಅದಕ್ಕೂ ಕೆಲವು ದಿನ ಮುಂಚಿನ ಮಾತು. ಡಾಕ್ಟರು ಮನೆಗೆ ಕಳಿಸಿದ್ದರು. ನೀಲಾಂಬಿಕಮ್ಮ ನಡುಮನೆಯ ಮಂಚದ ಮೇಲಿದ್ದರು, ದನಿ ಬತ್ತಿತ್ತು. ಬೆನಕಪ್ಪನವರು ಮುಂಬಾಗಿಲಲ್ಲಿ ನಿಂತು, ಮಂಟಪ ಕೇಳಲು ಬಂದವರ ಜೊತೆ ಮಾತಾಡುತ್ತಿದ್ದರು. ಒಳಗಿನಿಂದ “ರೀ...” ಎಂದು ಕೇಳಿಸಿತೋ ಇಲ್ಲವೋ, ಆಡುತ್ತಿದ್ದ ಮಾತನ್ನು ಅರ್ಧಕ್ಕೇ ಬಿಟ್ಟು ಓಡಿದರು. ಹೊಸ್ತಿಲಿಗೆ ಕಾಲು ತಾಗಿ ಮುಗ್ಗರಿಸಿ, ಮಂಚದ ಕಾಲು ಹಿಡಿದುಕೊಂಡು ನಿಂತರು.

“ಏನು ಬೇಕು ನೀಲಾ? ನೀರಾ? ನೋವಾ? ಕಿಟಕಿ ತೆಗೀಲಾ?”

ನೀಲಾಂಬಿಕಮ್ಮ ಗಂಡನ ಏದುಸಿರನ್ನೂ ಜಾರಿದ ಪಂಚೆಯನ್ನೂ ನೋಡಿದರು. ಒಣಗಿದ ತುಟಿ ತುಸು ಅರಳಿತು.

“ಏನೂ ಬೇಡ. ಸುಮ್ನೆ ಕರೆದೆ,” ಅಂದರು. “ಇಷ್ಟು ಬೇಗ ಓಡಿ ಬರ್ತೀರಿ ಅಂತ ಗೊತ್ತಿದ್ರೆ, ಮದುವೆಯಾದ ವರ್ಷವೇ ಕಾಯಿಲೆ ಬೀಳ್ತಿದ್ದೆ ಕಣ್ರೀ!”