ದ್ವೀಪದ ದಾರಿ ಬಲ್ಲವರು

ಅಂಚೆ ಕಚೇರಿಯ ಗುಮಾಸ್ತರ ಆ ಶನಿವಾರದ ಕಷ್ಟಕ್ಕೆಲ್ಲ ಮೂಲ, ಹಲ್ಲುಜ್ಜುವಾಗ ಬಂದ ಒಂದು ಫೋನು. ಮಾಡಿದವನು ಪಕ್ಕದ ಕೌಂಟರಿನ ಸ್ಟಾಂಪು ಮಾರುವವನು.

"ರೀ, ಇವತ್ತು ಮೂರು ಗಂಟೆಗೆ ಪರೀಕ್ಷೆಯಂತೆ! ನಮ್ಮ ಪುಟ್ಟ ದೇಶದ ಬಗ್ಗೆ ಇಪ್ಪತ್ತು ಪ್ರಶ್ನೆ. ಕಡಿಮೆ ಮಾರ್ಕ್ಸ್ ತಗೊಂಡೋರಿಗೆ ದಕ್ಷಿಣದ ದ್ವೀಪಕ್ಕೆ ವರ್ಗ!"

ಗುಮಾಸ್ತರ ಬಾಯಿಂದ ಬ್ರಷ್ಷು ಜಾರಿ ಬಿತ್ತು. ದೋಣಿ ಹಾಗಿರಲಿ, ತುಂಬಿದ ಬಕೆಟ್ಟು ಅಲುಗಾಡಿದರೂ ತಲೆ ಸುತ್ತುವ ಪ್ರಾಣಿ ಅವರು. ಭೂಗೋಳವೂ ಅಷ್ಟಕ್ಕಷ್ಟೆ. ಹೋದ ವರ್ಷ ಹಿಮದ ಗಡಿಗೆ ಹೋಗಬೇಕಿದ್ದ ಕಂಬಳಿ ಪಾರ್ಸೆಲನ್ನು ಮರಳುಗಾಡಿಗೆ ಕಳಿಸಿ ಛೀಮಾರಿ ಹಾಕಿಸಿಕೊಂಡಿದ್ದರು.

ಹೆಂಡತಿ ಮಗಳ ಹಳೇ ಭೂಗೋಳದ ಪುಸ್ತಕ ಹುಡುಕಿಕೊಟ್ಟಳು. ಅತ್ತೆ ನಿವೃತ್ತ ಟೀಚರು. ಸಿಕ್ಕಿದ್ದೇ ಅವಕಾಶವೆಂದು ಬಚ್ಚಲ ಬಾಗಿಲಿಗೇ ಬಂದು ನಿಂತರು.

"ದೇಶದ ವಿಸ್ತೀರ್ಣ?"

"ಅಯ್ಯೋ, ಸೋಪು ಕಣ್ಣಿಗೆ..."

"ಸೋಪು ಬೇಡ, ಚದರ ಕಿಲೋಮೀಟರಲ್ಲಿ ಹೇಳಿ!"

ಬಸ್ಸಿನಲ್ಲಿ ಕಂಡಕ್ಟರು "ಎಲ್ಲಿಗೆ?" ಎಂದಾಗ ಇವರು ಕಣ್ಣು ಮುಚ್ಚಿಕೊಂಡೇ, "ರಾಜಧಾನಿ. ಜನಸಂಖ್ಯೆ ಹದಿನೆಂಟು ಲಕ್ಷ!" ಎಂದುಬಿಟ್ಟರು.

"ಅಷ್ಟೂ ಜನಕ್ಕೆ ಟಿಕೆಟ್ ಹರೀಲಾ?"

ಬಸ್ಸಿಗೆ ಬಸ್ಸೇ ನಕ್ಕ ಗಲಾಟೆಯಲ್ಲಿ ಇಳಿಯುವ ಸ್ಟಾಪು ದಾಟಿಹೋಯಿತು. ಓಡುತ್ತಾ ಕಚೇರಿ ಸೇರಿ ತಕ್ಕಡಿ ಮುಂದೆ ಕೂತರೆ, ಮೊದಲ ಲಕೋಟೆಗೇ "ಮೂರು ಸಾವಿರದ ಇನ್ನೂರು ಮೀಟರ್" ಎಂದರು. ಅದು ಅತಿ ಎತ್ತರದ ಶಿಖರದ ಲೆಕ್ಕ.

"ಇದು ಅಜ್ಜಿಗೆ ಬರೆದ ಕಾಗದ ಸ್ವಾಮಿ, ಬಟ್ಟೆ ಥಾನಲ್ಲ," ಎಂದು ಗಿರಾಕಿ ರೇಗಿದ.

ಸ್ಟಾಂಪಿನವನು ಮಾತ್ರ ಪುಸ್ತಕ ಮುಟ್ಟದೆ ಆರಾಮಾಗಿ ಕೂತಿದ್ದ. ಪಾಪ, ಇವನಿಗೇ ದ್ವೀಪ ಗ್ಯಾರಂಟಿ ಎಂದು ಗುಮಾಸ್ತರಿಗೆ ಮರುಕವೇ ಬಂತು.

ಮೂರಕ್ಕೆ ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಗುಮಾಸ್ತರಿಗೆ ಕುಣಿಯುವಷ್ಟು ಖುಷಿಯಾಯಿತು. ಉದ್ದದ ನದಿ, ರಾಷ್ಟ್ರಪಕ್ಷಿ, ಗಡಿಗಳು, ಎಲ್ಲವೂ ಅತ್ತೆ ಕೇಳಿದ್ದವೇ! ಕೊನೆಯದು ಆ ದ್ವೀಪದ ಬಗ್ಗೆ ಟಿಪ್ಪಣಿ. ಜನ ನೂರಾಹನ್ನೆರಡು, ಒಂದು ದೀಪಸ್ತಂಭ, ತಿಂಗಳ ಮೊದಲ ಸೋಮವಾರ ಮಾತ್ರ ದೋಣಿ ಎಂದು ಹಾಳೆ ತುಂಬಿಸಿದರು.

ನಾಲ್ಕೂವರೆಗೆ ಪೋಸ್ಟ್‌ಮಾಸ್ಟರು ಹೊರಗೆ ಬಂದು ಕೈಕುಲುಕಿದರು. "ಇಪ್ಪತ್ತಕ್ಕೆ ಇಪ್ಪತ್ತು!"

ಗುಮಾಸ್ತರು ಹಿಗ್ಗಿ ಹೀರೇಕಾಯಿಯಾದರು. "ಹಾಗಾದ್ರೆ ದ್ವೀಪಕ್ಕೆ ಯಾರು ಸಾರ್?"

"ನೀವೇ! ಅಲ್ಲಿ ಒಬ್ಬರೇ ಎಲ್ಲಾ ನೋಡ್ಕೋಬೇಕು, ದೇಶ ಗೊತ್ತಿರೋರೇ ಬೇಕು. ಈ ಸ್ಟಾಂಪಿನವ್ನು ದ್ವೀಪ ಬೆಟ್ಟದ ತುದೀಲಿದೆ ಅಂತ ಬರ್ದಿದಾನೆ. ಕಳಿಸಿದ್ರೆ ತಲುಪ್ತಾನಾ?"

"ಆದ್ರೆ ಸಾರ್, ಕಡಿಮೆ ಮಾರ್ಕ್ಸ್ ತಗೊಂಡೋರಿಗೆ ಅಂತ..."

"ಯಾರ್ರೀ ಹೇಳಿದ್ದು?"

ಗುಮಾಸ್ತರು ಇಂಗು ತಿಂದ ಮಂಗನಂತೆ ಪಕ್ಕಕ್ಕೆ ತಿರುಗಿದರು. ಸ್ಟಾಂಪಿನವನು ತಲೆ ಬಗ್ಗಿಸಿ, ಎಂದೂ ಇಲ್ಲದ ಶ್ರದ್ಧೆಯಿಂದ ಸ್ಟಾಂಪು ಹರಿಯುತ್ತಿದ್ದ.

"ಯಾವಾಗ ಹೊರಡ್ಬೇಕು ಸಾರ್?"

"ನೀವೇ ಬರ್ದಿದೀರಲ್ಲ," ಎಂದು ಪೋಸ್ಟ್‌ಮಾಸ್ಟರು ಹಾಳೆ ತೋರಿಸಿದರು. "ಮೊದಲ ಸೋಮವಾರ. ಅಂದ್ರೆ ನಾಳಿದ್ದು."