ನಡುಮನೆಯ ಪಾಯಿಂಟು

ರೈಲು ಸರಿಯಾಗಿ ಓಡಿಬಿಟ್ಟಿತಲ್ಲ ಎಂದು ಮುಖ ಬಾಡಿಸಿಕೊಂಡು ಕೂರುವ ಮನುಷ್ಯನನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ನಮ್ಮ ಸೋದರಮಾವ!

ಅವರ ರೈಲು ಓಮಲೂರಿನ ಮನೆಯ ನಡುಮನೆಯಲ್ಲಿ ಹೊರಟು ಅಡುಗೆಮನೆಯ ಹೊಸಿಲಿಗೆ ಮುಟ್ಟುತ್ತಿತ್ತು. ಮುರಿದ ಕೊಡೆಯ ಕಡ್ಡಿಗಳೇ ಹಳಿ, ಸೀಮೆಎಣ್ಣೆ ಡಬ್ಬದ ತಗಡಿನ ಗಾಡಿಗಳು, ಸೇಲಂ ಪೇಟೆಯಿಂದ ತಂದ ಕೀಲಿ ಕೊಡುವ ಎಂಜಿನ್ನು. ನಡುವೆ ಹಳಿ ಎರಡಾಗಿ ಕವಲೊಡೆಯುವ ಜಾಗ. ಅದನ್ನು ಮಾವ 'ಪಾಯಿಂಟು' ಎನ್ನುತ್ತಿದ್ದರು, ಅತ್ತೆ 'ಶನಿ' ಎನ್ನುತ್ತಿದ್ದರು.

ನಗಬೇಡಿ. ಮಾವ ಒಂದು ಸಣ್ಣ ಸ್ಟೇಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದವರು. ಒಂದು ದಿನ ಅವರು ಹಳಿ ಕೂಡಿಸುವ ಹಿಡಿ ಎಳೆದು ಬೀಗ ಹಾಕಿದ ಮೇಲೂ ಗೂಡ್ಸ್ ಗಾಡಿ ಕವಲಿನಲ್ಲಿ ಹಳಿ ತಪ್ಪಿತು. ಗಾಡಿಯ ಮೆಟ್ಟಿಲ ಮೇಲಿದ್ದ ಅವರ ಮೇಚೇರಿಯ ಗೆಳೆಯ ಸತ್ತ. ಹಳಿ, ಪಾಯಿಂಟುಗಳ ರಿಪೇರಿ ನೋಡಿಕೊಳ್ಳುತ್ತಿದ್ದವನು ಅವನೇ. "ನೀನು ಬೀಗ ಹಾಕಿರಲಿಲ್ಲ" ಎಂದು ಮೇಲಿನ ದೊರೆ ಮಾವನನ್ನು ಮನೆಗೆ ಕಳಿಸಿದ. ಬೀಗ ಹಾಕಿದ ಪಾಯಿಂಟು ತೆರೆದುಕೊಂಡದ್ದಾದರೂ ಹೇಗೆ? ಅದನ್ನು ಕಂಡುಹಿಡಿದು, ಹೋದ ಹೆಸರನ್ನು ಮರಳಿ ಪಡೆಯಬೇಕು. ಈ ಆಟವೆಲ್ಲ ಅದಕ್ಕೇ.

ಎಂಜಿನ್ನು ಬೀಳುತ್ತಿರಲಿಲ್ಲವೆಂದಲ್ಲ. ಒಮ್ಮೆ ಹಳಿಯ ಸಂದಿನಲ್ಲಿ ಹಲ್ಲಿಯ ಮೊಟ್ಟೆ, ಇನ್ನೊಮ್ಮೆ ಅತ್ತೆ ಗುಡಿಸಿಬಿಟ್ಟ ರಾಗಿಹೊಟ್ಟು.

"ಬಿತ್ತಲ್ಲ ಮಾವ, ಸಂತೋಷಪಡಿ!" ಎಂದೆ.

"ಏನ್ಲಾ ಸಂತೋಷ? ಟೇಷನ್ನಾಗೆ ಹಲ್ಲಿ ಮೊಟ್ಟೆ ಇಕ್ಕಿತ್ತಾ?"

ಸಂದು ಎಷ್ಟಿದೆಯೆಂದು ನೋಡಲು ಅವರು ಹಳಿಗಳ ನಡುವೆ ವೀಳ್ಯದೆಲೆ ತೂರಿಸುತ್ತಿದ್ದರು. ತೂರದಿದ್ದರೆ ಪಾಯಿಂಟು ಭದ್ರ. ಪಾಪ, ಅತ್ತೆಯ ತಾಂಬೂಲಕ್ಕೆ ಉಳಿಯುತ್ತಿದ್ದುದೆಲ್ಲ ಹರಿದ ಎಲೆಗಳೇ!

ಸ್ಟೇಷನ್ನಿನ ಪಾಯಿಂಟಿನಂತೆಯೇ ಇಲ್ಲೂ ಹಿಡಿಯಿಂದ ಹಳಿಗೆ ಹೋಗುವ ಸರಳಿಗೊಂದು ಮೊಳೆ, ಆ ಮೊಳೆ ಜಾರದಂತೆ ಒಂದು ಸಣ್ಣ ಪಿನ್ನು. ಒಂದು ಸಂತೆಯ ದಿನ ಪಿನ್ನು ಎಲ್ಲೋ ಕಳೆದುಹೋಯಿತು. ಅತ್ತೆ ಬೇಲಿಯಿಂದ ಜಾಲಿಮುಳ್ಳು ತಂದು ಚುಚ್ಚಿದರು.

"ಆ ಮೇಚೇರಿಯಣ್ಣ ಮಾಡ್ತಿದ್ದದ್ದೂ ಇಂಗೇ ಅಲ್ವಾ? ಕೆರ ಕಿತ್ರೂ ಮುಳ್ಳು, ಕಂಬ್ಳಿ ಅರುದ್ರೂ ಮುಳ್ಳು. ಓಡ್ಸಿ, ಸರಿಯಾಪೋಚ್ಚು!"

ನಿಜ. ಕುರಿ ಕಾಯುವ ಮನೆಯವನು, ರುಮಾಲಿನಲ್ಲಿ ಸದಾ ನಾಲ್ಕು ಮುಳ್ಳು ಸಿಕ್ಕಿಸಿಕೊಂಡಿರುತ್ತಿದ್ದ.

ರೈಲು ಮೂರು ಸಲ ಓಡಿತು. ನಾಲ್ಕನೆಯ ಸಲ ಮುಳ್ಳು ಮುರಿದು ಮೊಳೆ ಜಾರಿತು. ಬೀಗ ಹಾಕಿದ ಹಿಡಿ ಇದ್ದಲ್ಲೇ ಇತ್ತು, ಹಳಿ ಮಾತ್ರ ಬಾಯಿ ಬಿಟ್ಟಿತು. ಎಂಜಿನ್ನು ಮಗುಚಿತು!

ನಾನು ಕುಣಿದೇಬಿಟ್ಟೆ. ತಾಲ್ಲೂಕು ಕಚೇರಿಯಲ್ಲಿ ಅರ್ಜಿ ಬರೆದು ಪಳಗಿದ ಕೈ, ಕೂಡಲೇ ದೊರೆಗೆ ಬರೆಯಲು ಕಾಗದ ತೆಗೆದೆ. ಮಾವ ಮುರಿದ ಮುಳ್ಳನ್ನು ನೆಲದಿಂದ ಎತ್ತಿಕೊಂಡರು.

"ಅವತ್ತು ಗಾಡಿ ಬಿದ್ದ ಪಾಯಿಂಟಿನ ಮಗ್ಗುಲಾಗೆ ಒಂದು ಮುರುದ ಮುಳ್ಳು ಸಿಕ್ಕಿತ್ತು ಕಣ್ಲಾ. ಈ ಸೀಮೆನಾಗೆ ಮುಳ್ಳು ಎಲ್ಲಿಲ್ಲ ಅಂತ ಬಿಸಾಕ್ಬುಟ್ಟೆ."

ಅಷ್ಟರಲ್ಲಿ ಬಾಗಿಲಲ್ಲಿ ಗೆಳೆಯನ ಹೆಂಡತಿ ನಿಂತಿದ್ದಳು. ಸಂತೆಗೆ ಬಂದಾಗಲೆಲ್ಲ ಬಂದು ಕೇಳುವವಳು.

"ಏನಾರಾ ಗೊತ್ತಾಯ್ತಾ ಅಣ್ಣಾ? ಅಟ್ಟಿಯೋರೆಲ್ಲ ನಮ್ಮ ಯಜಮಾನ್ರ ಕೆಲಸ್ದಾಗೇ ತಪ್ಪಿತ್ತು ಅಂತಾರೆ."

ಮಾವ ಮುರಿದ ಮುಳ್ಳನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡರು.

"ಇಲ್ಲ ಕಣವ್ವಾ. ಅವನ ಕೆಲ್ಸ ಭದ್ರವಾಗೇ ಇತ್ತು. ಬೀಗ ಆಕೋದು ನಾನೇ ಮರ್ತಿದ್ದೆ."

ಅವಳು ಅವರನ್ನೇ ನೋಡಿದಳು. ಆಮೇಲೆ ನೆಲಕ್ಕೆ ಕುಸಿದು, ಎದೆ ಬಡಿದುಕೊಂಡು, "ನಿನ್ ಕೈ ಸೇದೋಗ! ನಿನ್ ಮನೆ ಆಳಾಗ!" ಎಂದು ಶಪಿಸಿದಳು. ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಮಾವ ನನ್ನ ಕಡೆ ನೋಡಿದ ನೋಟಕ್ಕೆ ಕಾಗದವನ್ನು ಮಡಚಿಟ್ಟೆ.

ಅವಳ ಅಳು ನಿಲ್ಲುವವರೆಗೂ ಅವರು ಅಲ್ಲೇ ತಲೆ ತಗ್ಗಿಸಿ ನಿಂತಿದ್ದರು.

"ಆಗ್ಲಿ ತಾಯಿ," ಎಂದರು. "ಬಿಸ್ಲು ಜಾಸ್ತಿ ಐತೆ, ಒಂದು ತುತ್ತು ಉಂಡ್ಕೊಂಡು ಓಗು."